ನಾಗರಕಟ್ಟೆಯಿಂದ ಬೆಳ್ಳಿತೆರೆಗೆ: ಅನಂತನಾಗ್ ಮತ್ತು ಶಂಕರನಾಗ್ ಸಹೋದರರ ಬಾಲ್ಯ, ರಂಗಭೂಮಿ, ಚಿತ್ರಜೀವನ

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳು ಪ್ರದರ್ಶನ ಕಲೆಗಳ ಅಧ್ಯಯನದಲ್ಲಿ ಯಕ್ಷಗಾನದ ನೆಲವೆಂದೇ ಪರಿಚಿತವಾಗಿವೆ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ, ಅವರ ಮಗ ಶಂಭು ಹೆಗಡೆ, ಕುಣಿತಕ್ಕೆ ಹೊಸ ಚಾಲನೆಯನ್ನು ತಂದ ಚಿಟ್ಟಾಣಿ ರಾಮಚಂದ್ರ ಹೆಗಡೆ ಮೊದಲಾದವರ ಹೆಸರುಗಳು ಈ ಸೀಮೆಯ ಗುರುತಾಗಿ ನಿಂತಿವೆ. ಇದೇ ಸೀಮೆಗೆ ಬೇರು ಹೊಂದಿದ ಇಬ್ಬರು ಚಲನಚಿತ್ರ ನಟರಾದ ಅನಂತನಾಗ್ ಮತ್ತು ಶಂಕರನಾಗ್ ಅವರ ಮಾತು ಬಂದಾಗ, ಅವರ ಅಭಿನಯಕ್ಕೂ ಯಕ್ಷಗಾನವೇ ಮೂಲವೆಂದು ಹೇಳುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಇನ್ನೊಂದು ಕಡೆ, ಅವರ ವೃತ್ತಾಂತವನ್ನು ಮುಂಬಯಿಯಿಂದಲೇ ಆರಂಭಿಸಿ ಹುಟ್ಟೂರನ್ನು ಒಂದು ಸಾಲಿನಲ್ಲಿ ಮುಗಿಸುವ ರೂಢಿಯೂ ಇದೆ. ಮೊದಲನೆಯದು ನೆಲದ ಅಭಿಮಾನ, ಎರಡನೆಯದು ನಗರದ ಅವಸರ. ಈ ಎರಡರಲ್ಲಿಯೂ ಬಿಟ್ಟುಹೋಗುವುದು ನಡುವಿನ ದಾರಿ, ಅಂದರೆ ಈ ಮೂರು ತಾಲೂಕುಗಳಿಂದ ಮುಂಬಯಿಗೆ ನೂರು ವರ್ಷಗಳ ಕಾಲ ಹರಿದ ವಲಸೆಯ ದಾರಿ. ಈ ಸಹೋದರರ ಕಲೆ ರೂಪುಗೊಂಡದ್ದು ಆ ದಾರಿಯ ಮೇಲೆ ಎಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಇಬ್ಬರ ಮನೆತನದ ಹೆಸರು ನಾಗರಕಟ್ಟೆ. ಭಟ್ಕಳದ ಉತ್ತರಕ್ಕಿರುವ ಶಿರಾಲಿ ಈ ಮನೆತನದ ಮೂಲ. ಸದಾನಂದ ಮತ್ತು ಆನಂದಿ ನಾಗರಕಟ್ಟೆ ದಂಪತಿಗಳ ಮಗನಾಗಿ ಅನಂತ 1948ರ ಸೆಪ್ಟೆಂಬರ್ 4ರಂದು ಜನಿಸಿದರು. ತಮ್ಮ ಶಂಕರ ಜನಿಸಿದ್ದು 1954ರ ನವೆಂಬರ್ 9ರಂದು, ಹೊನ್ನಾವರ–ಕುಮಟಾ ಸೀಮೆಯ ಮಲ್ಲಾಪುರದಲ್ಲಿ. ಅಣ್ಣನ ಹೆಸರಿನ ಜೊತೆ ಭಟ್ಕಳವೂ ತಮ್ಮನ ಹೆಸರಿನ ಜೊತೆ ಹೊನ್ನಾವರವೂ ಸೇರಿಕೊಂಡಿರುವುದರಿಂದ ಎರಡೂ ಊರುಗಳವರು ಅವರನ್ನು ತಮ್ಮವರೆನ್ನುತ್ತಾರೆ. ಬ್ರಿಟಿಷರ ಆಡಳಿತದಲ್ಲಿ ಭಟ್ಕಳವು ಹೊನ್ನಾವರಕ್ಕೆ ಸೇರಿದ ಪೇಟಾ ಆಗಿತ್ತೆಂಬುದನ್ನು ನೆನೆದರೆ ಈ ಹಂಚಿಕೆಗೆ ಹೆಚ್ಚಿನ ಅರ್ಥವಿಲ್ಲ. ಅಂದಿನ ಜನರ ಓಡಾಟ, ಮದುವೆ, ಹೆರಿಗೆ, ಬಾಣಂತನಗಳು ತಾಲೂಕಿನ ಗಡಿಯನ್ನು ನೋಡಿ ನಡೆದವುಗಳಲ್ಲ.

ನಾಗರಕಟ್ಟೆ ಎಂಬ ಹೆಸರೇ ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾಗಿದೆ. ಅಶ್ವತ್ಥದ ಬುಡದಲ್ಲಿಯೋ ಬನದ ಅಂಚಿನಲ್ಲಿಯೋ ನಾಗರಕಲ್ಲುಗಳನ್ನು ನಿಲ್ಲಿಸಿ ಸುತ್ತ ಕಟ್ಟಿದ ಜಗಲಿ ಅದು. ನಾಗಾರಾಧನೆ ವ್ಯಾಪಕವಾಗಿರುವ ಕರಾವಳಿಯಲ್ಲಿ ಇಂಥ ಕಟ್ಟೆ ಊರಿಗೆ ಗುರುತಾಗಿ, ಊರಿನ ಗುರುತು ಮನೆತನಕ್ಕೆ ಹೆಸರಾಗುವುದು ಅಪರೂಪವೇನೂ ಅಲ್ಲ. ರಂಗಕ್ಕೆ, ಆಮೇಲೆ ತೆರೆಗೆ ಬರುವ ಹೊತ್ತಿಗೆ ಈ ಹೆಸರು ಮೊಟಕಾಯಿತು. ಕಟ್ಟೆ ಕಳಚಿ ನಾಗ್ ಉಳಿಯಿತು. ಕನ್ನಡ ಪ್ರೇಕ್ಷಕರಿಗೆ ಅದು ಯಾವ ಊರನ್ನೂ ಯಾವ ಸಮುದಾಯವನ್ನೂ ಸೂಚಿಸದ, ಚುಟುಕಾದ, ನಾಲಗೆಗೆ ಸುಲಭವಾದ ಹೆಸರಾಯಿತು.

ಈ ಮನೆತನ ಸೇರಿದ ಚಿತ್ರಾಪುರ ಸಾರಸ್ವತ ಸಮುದಾಯದಲ್ಲಿ ಕುಲನಾಮಗಳೆಲ್ಲ ಬಹುಮಟ್ಟಿಗೆ ಊರ ಹೆಸರುಗಳೇ. ಕೈಕಿಣಿ, ಬೈಲೂರು, ಹಳದೀಪುರ, ಹೊನ್ನಾವರ, ಚಂದಾವರ್ಕರ್, ಕುಮಟಾ, ಗೋಕರ್ಣ ಎಂದು ಓದುತ್ತ ಹೋದರೆ ಭಟ್ಕಳದಿಂದ ಕುಮಟೆಯವರೆಗಿನ ಕರಾವಳಿ ಕಣ್ಣೆದುರು ಬರುತ್ತದೆ. ದಕ್ಷಿಣಕ್ಕೆ ಸರಿದರೆ ಪಡುಕೋಣೆ, ಬೆನೆಗಲ್, ಕಾರ್ನಾಡ್ ಸಿಗುತ್ತವೆ. ಹೆಸರಿನಲ್ಲಿ ಊರನ್ನು ಹೊತ್ತವರು ಆ ಊರನ್ನು ಬಿಟ್ಟು ಹೊರಟವರೂ ಹೌದು. ಊರಿನಲ್ಲೇ ಉಳಿದವನಿಗೆ ಊರ ಹೆಸರು ಗುರುತಾಗಬೇಕಾದ ಅಗತ್ಯ ಕಡಿಮೆ.

ಹೊರಟವರು ಮುಂಬಯಿಗೇ ಹೋದದ್ದಕ್ಕೆ ಆಡಳಿತದ ಇತಿಹಾಸವೂ ಕಾರಣವಾಗಿದೆ. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಂದಿನಿಂದ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಭಟ್ಕಳದವನಿಗೆ ರಾಜಧಾನಿಯೆಂದರೆ ಮುಂಬಯಿ. ಅದರಾಚೆಯ ಬೈಂದೂರಿನವನಿಗೆ ಮದರಾಸು. ಕುಮಟೆಯ ಬಂದರಿನಿಂದ ಘಟ್ಟದ ಮೇಲಿನ ಹತ್ತಿ ಹಡಗೇರಿದ ಕಾಲವೊಂದಿತ್ತು; ಅಂದಿನ ಹತ್ತಿ ವ್ಯಾಪಾರದಲ್ಲಿ ಕುಮಟಾ ಎಂಬುದು ಒಂದು ಬಗೆಯ ಹತ್ತಿಯ ಹೆಸರೇ ಆಗಿತ್ತು. ಹತ್ತಿ ಹೋದ ದಾರಿಯಲ್ಲಿ ಗುಮಾಸ್ತರೂ ಮಾಸ್ತರರೂ ವಕೀಲರೂ ಹೋದರು. ಅನಂತ ಮತ್ತು ಶಂಕರ ಇಬ್ಬರೂ ಹುಟ್ಟಿದಾಗ ಅವರ ಊರುಗಳು ಮುಂಬಯಿ ರಾಜ್ಯದಲ್ಲಿದ್ದವು. ಮೈಸೂರಿನವರ ಕಣ್ಣಿಗೆ ಇವರು ಹೊರಗಿನಿಂದ ಬಂದ ನಟರಾಗಿ ಕಂಡದ್ದರ ಹಿಂದೆ ಈ ಸಂಗತಿಯೂ ಇದೆ.

ವಲಸೆ ಹೋದ ಸಮುದಾಯ ಮುಂಬಯಿಯಲ್ಲಿ ಬಹುಬೇಗ ಸಂಸ್ಥೆಗಳನ್ನು ಕಟ್ಟಿಕೊಂಡಿತು. 1906ರಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಸಂಘ, 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್, 1915ರಲ್ಲಿ ಗಾಮದೇವಿಯ ಸಾರಸ್ವತ ಸಹಕಾರಿ ವಸತಿ ಸಂಘ ಸ್ಥಾಪನೆಗೊಂಡವು. ಇವುಗಳ ಹಿಂದೆ ಎಸ್. ಎಸ್. ತಲ್ಮಕಿಯವರ ದುಡಿಮೆ ಇತ್ತು; ತಾಡದೇವದ ತಲ್ಮಕಿವಾಡಿ ಅವರ ಹೆಸರನ್ನು ಉಳಿಸಿಕೊಂಡಿದೆ. ಸಾಲ, ಸೂರು, ಶಿಷ್ಯವೇತನಗಳನ್ನು ಒದಗಿಸಿದ ಇಂಥ ಸಂಸ್ಥೆಗಳ ಸುತ್ತ ಹಬ್ಬ, ಭಜನೆ, ನಾಟಕಗಳೂ ಬೆಳೆದವು. ಕೊಂಕಣಿ, ಮರಾಠಿ, ಕನ್ನಡ ಮೂರರಲ್ಲಿಯೂ ಮಾತಾಡಬಲ್ಲ ಹವ್ಯಾಸಿ ನಟರನ್ನು ತಯಾರಿಸಿದ್ದು ಈ ವಾತಾವರಣವೇ. ಸಹಕಾರಿ ಚಳವಳಿಯ ಇತಿಹಾಸದಲ್ಲಿ ಈ ಸಂಸ್ಥೆಗಳಿಗೆ ಸಿಕ್ಕ ಸ್ಥಾನ ರಂಗಭೂಮಿಯ ಇತಿಹಾಸದಲ್ಲಿ ಸಿಕ್ಕಿಲ್ಲ.

ಅನಂತನಾಗ್ ಅವರ ಬಾಲ್ಯದಲ್ಲಿ ಮುಂಬಯಿಗೆ ಮೊದಲು ಎರಡು ಧಾರ್ಮಿಕ ನೆಲೆಗಳಿವೆ. ಒಂದು ಶಿರಾಲಿಯ ಚಿತ್ರಾಪುರ ಮಠ. 1708ರಲ್ಲಿ ಗೋಕರ್ಣದಲ್ಲಿ ಆರಂಭವಾದ ಗುರುಪರಂಪರೆ 1757ರ ಸುಮಾರಿಗೆ ಶಿರಾಲಿಯಲ್ಲಿ ನೆಲೆನಿಂತಿತು. ಅನಂತರ ಬಾಲ್ಯದ ಕಾಲಕ್ಕೆ ಪೀಠದಲ್ಲಿದ್ದವರು ಆನಂದಾಶ್ರಮ ಸ್ವಾಮೀಜಿ. ಇನ್ನೊಂದು ಕಾಞಂಗಾಡಿನ ಆನಂದಾಶ್ರಮ. ಕಾಞಂಗಾಡಿನವರೇ ಆದ ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಈ ಆಶ್ರಮವು ಅಖಂಡ ರಾಮನಾಮಕ್ಕೆ ಹೆಸರಾದುದು. 1956ರವರೆಗೆ ಅದಿದ್ದ ಹೊಸದುರ್ಗ ಸೀಮೆ ದಕ್ಷಿಣ ಕನ್ನಡದ ಭಾಗವಾಗಿತ್ತು. ಅನಂತರ ಆರಂಭದ ಕಲಿಕೆ ಈ ಎರಡೂ ಕಡೆಯ ಪರಿಸರದಲ್ಲಿ ನಡೆಯಿತು. ಹದಿಹರೆಯದಲ್ಲಿ ಓದಿಗಾಗಿ ಮುಂಬಯಿ. ತಮ್ಮನೂ ಅದೇ ದಾರಿ ಹಿಡಿದರು.

ಮಠ ಮತ್ತು ಆಶ್ರಮದ ಪರಿಸರ ನಟನಿಗೆ ಏನನ್ನು ಕೊಟ್ಟೀತು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ಬಡಗುತಿಟ್ಟಿನ ರಂಗಸ್ಥಳ ಕಲಿಸುವುದು ದೊಡ್ಡದನ್ನು. ಚಂಡೆಯ ಏರು, ಮುಂಡಾಸಿನ ಎತ್ತರ, ಮುಖವರ್ಣಿಕೆಯ ಗಾಢತೆ, ಬಯಲಿನ ಕೊನೆಯ ಸಾಲಿಗೂ ಮುಟ್ಟಬೇಕಾದ ಮಾತು ಇವೆಲ್ಲ ಆ ಕಲೆಯ ಅಳತೆಗಳು. ಭಜನೆಯ ಸಾಲು ಕಲಿಸುವುದು ಬೇರೆಯದನ್ನು. ಅಲ್ಲಿ ದನಿ ತಗ್ಗಬೇಕು, ಪಕ್ಕದವನ ಉಸಿರನ್ನು ಕೇಳಿ ತನ್ನದನ್ನು ಹೊಂದಿಸಿಕೊಳ್ಳಬೇಕು, ಒಂದೇ ನಾಮವನ್ನು ಸಾವಿರ ಸಲ ಹೇಳುವಾಗಲೂ ಅದು ಸವೆಯದಂತೆ ನೋಡಿಕೊಳ್ಳಬೇಕು. ಅನಂತನಾಗ್ ಅವರ ಅಭಿನಯವನ್ನು ಬಲ್ಲವರಿಗೆ ಅವರ ಬಲವಿರುವುದು ಎರಡನೆಯದರಲ್ಲಿ ಎಂಬುದು ಸ್ಪಷ್ಟ. ಮುಂಬಯಿಯ ಕೊಂಕಣಿ ರಂಗದಲ್ಲಿ ಅವರನ್ನು ಗುರುತಿಸುವಂತೆ ಮಾಡಿದ ಆರಂಭದ ಪಾತ್ರ ಚೈತನ್ಯ ಮಹಾಪ್ರಭುವಿನದು ಎಂಬುದೂ ಗಮನಾರ್ಹ. ನಾಮಸಂಕೀರ್ತನೆಯ ನಡುವೆ ಬೆಳೆದ ಹುಡುಗನಿಗೆ ಸಂಕೀರ್ತನೆಯ ಸಂತನೇ ಪಾತ್ರವಾಗಿ ಒದಗಿದ್ದನು.

ಕೊಂಕಣಿಯಿಂದ ಕನ್ನಡಕ್ಕೆ, ಮರಾಠಿಗೆ, ಅಲ್ಲಿಂದ ಸತ್ಯದೇವ ದುಬೆಯವರ ಹಿಂದಿ ರಂಗಕ್ಕೆ ಅವರ ನಡೆ ಸಾಗಿತು. 1970ರ ದಶಕದ ಆರಂಭದ ಮುಂಬಯಿಯಲ್ಲಿ ಪ್ರಾಯೋಗಿಕ ರಂಗಭೂಮಿ ಚಿಕ್ಕ ಕೋಣೆಗಳಲ್ಲಿ, ಶಾಲೆಯ ಸಭಾಂಗಣಗಳಲ್ಲಿ ನಡೆಯುತ್ತಿತ್ತು. ನಟನಿಗೂ ಮೊದಲ ಸಾಲಿನ ಪ್ರೇಕ್ಷಕನಿಗೂ ನಡುವೆ ನಾಲ್ಕಾರು ಅಡಿಗಳ ಅಂತರ. ಕ್ಯಾಮೆರಾಕ್ಕೆ ಬೇಕಾದ ಸಂಯಮವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಇನ್ನೊಂದಿರಲಾರದು.

1974ರಲ್ಲಿ ತೆರೆಕಂಡ ಶ್ಯಾಮ ಬೆನೆಗಲ್ ಅವರ ‘ಅಂಕುರ್’ ಚಿತ್ರಕ್ಕೆ ಸಂಭಾಷಣೆ ಬರೆದವರು ಇದೇ ದುಬೆ. ತೆಲಂಗಾಣದ ಹಳ್ಳಿಯೊಂದರ ಜಮೀನ್ದಾರನ ಮಗ ಸೂರ್ಯನ ಪಾತ್ರ ಅನಂತನಾಗ್ ಅವರದು. ಆಳಿನ ಹೆಂಡತಿಯನ್ನು ಬಯಸಿ, ಪಡೆದು, ಪರಿಣಾಮಕ್ಕೆ ಹೆದರಿ ಕೊನೆಗೆ ಕ್ರೌರ್ಯಕ್ಕೆ ಇಳಿಯುವ ಈ ಯುವಕನನ್ನು ಖಳನಂತೆ ತೋರಿಸುವುದು ಸುಲಭವಿತ್ತು. ಅನಂತನಾಗ್ ಅವನನ್ನು ಮೆದು ಮಾತಿನ, ಧೈರ್ಯವಿಲ್ಲದ ಒಬ್ಬ ಸಾಧಾರಣ ಮನುಷ್ಯನನ್ನಾಗಿ ಮಾಡಿದರು. ಮುಂದೆ ‘ನಿಶಾಂತ್’, ‘ಮಂಥನ್’, ‘ಭೂಮಿಕಾ’, ‘ಕೊಂಡುರಾ’, ‘ಕಲಿಯುಗ್’ ಚಿತ್ರಗಳಲ್ಲಿ ಬೆನೆಗಲ್ ಅವರನ್ನು ಬಳಸಿಕೊಂಡರು.

ಇವುಗಳಲ್ಲಿ ‘ಮಂಥನ್’ನ ಒಂದು ವಿವರವನ್ನು ನಿಂತು ನೋಡಬೇಕಾಗಿದೆ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ 1976ರಲ್ಲಿ ನಿರ್ಮಿಸಿದ ಈ ಚಿತ್ರದಲ್ಲಿ ಹಳ್ಳಿಗೆ ಬರುವ ಪಶುವೈದ್ಯ ರಾವ್ ಆಗಿ ಗಿರೀಶ ಕಾರ್ನಾಡ್ ನಟಿಸಿದ್ದಾರೆ. ಅವರ ತಂಡದ ಚಂಚಲ ಯುವಕನಾಗಿ ಅನಂತನಾಗ್. ಆ ಯುವಕನ ಹೆಸರು ಚಂದಾವರ್ಕರ್. ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿ ಸಿಗುವ ಚಂದಾವರ ಗುಜರಾತಿನ ಹಾಲಿನ ಕಥೆಯೊಳಗೆ ಹೀಗೆ ಸೇರಿಕೊಂಡಿತು. ಬೆನೆಗಲ್, ಕಾರ್ನಾಡ್, ನಾಗರಕಟ್ಟೆ ಎಂಬ ಮೂರು ಹೆಸರುಗಳೂ ಕರಾವಳಿಯವು. ಆದರೆ ಬೆನೆಗಲ್ ಬೆಳೆದದ್ದು ಹೈದರಾಬಾದಿನ ಕಡೆ. ಕಾರ್ನಾಡ್ ಹುಟ್ಟಿದ್ದು ಮಾಥೇರಾನಿನಲ್ಲಿ, ಬೆಳೆದದ್ದು ಶಿರಸಿ–ಧಾರವಾಡಗಳಲ್ಲಿ. ಬೆನೆಗಲ್ ಅವರ ಬಂಧುವೇ ಆದ ಗುರುದತ್ ಪಡುಕೋಣೆ ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಬೆಳೆದು ಮುಂಬಯಿಯಲ್ಲಿ ಚಿತ್ರ ಮಾಡಿದವರು. ಹೊಸ ಅಲೆಯ ಚಿತ್ರಗಳನ್ನು ರೂಪಿಸಿದ ಇವರೆಲ್ಲ ಹೆಸರಿನಲ್ಲಿ ಮಾತ್ರ ಊರನ್ನು ಉಳಿಸಿಕೊಂಡವರು. ಈ ನಂಟನ್ನು ಜಾತಿಯ ಒಳಸಂಚೆಂದು ನೋಡುವುದು ಅನ್ಯಾಯ. ಆದರೆ ಅದು ಇರಲೇ ಇಲ್ಲವೆಂಬಂತೆ ಬರೆಯುವುದೂ ಇತಿಹಾಸವಲ್ಲ.

ಕನ್ನಡದ ತೆರೆಗೆ ಅನಂತನಾಗ್ ಅದಕ್ಕೂ ಮೊದಲೇ, 1973ರಲ್ಲಿ ಪಿ. ವಿ. ನಂಜರಾಜ ಅರಸರ ‘ಸಂಕಲ್ಪ’ದ ಮೂಲಕ ಬಂದಿದ್ದರು. 1975ರ ‘ಹಂಸಗೀತೆ’ಯಲ್ಲಿ ಜಿ. ವಿ. ಅಯ್ಯರ್ ಅವರಿಗೆ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಪಾತ್ರವನ್ನು ಕೊಟ್ಟರು, ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ ಚಿತ್ರವದು. ಎಂ. ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’ (1977), ‘ಬರ’ (1982), ಕೃಷ್ಣ ಮಾಸಡಿಯವರ ‘ಅವಸ್ಥೆ’ (1987) ಒಂದು ಸಾಲು. ಲಕ್ಷ್ಮಿಯವರ ಜೊತೆಗಿನ ಕೌಟುಂಬಿಕ ಚಿತ್ರಗಳೂ, ‘ಗಣೇಶನ ಮದುವೆ’ (1990), ‘ಗೌರಿ ಗಣೇಶ’ (1991)ದಂಥ ಹಾಸ್ಯಚಿತ್ರಗಳೂ ಇನ್ನೊಂದು ಸಾಲು. ಎರಡು ಸಾಲುಗಳಲ್ಲಿಯೂ ಒಂದೇ ಹದದಲ್ಲಿ ನಡೆದವರು ಕನ್ನಡದಲ್ಲಿ ಬಹಳ ಮಂದಿ ಇಲ್ಲ.

ಜಾನಪದ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಕುತೂಹಲ ಹುಟ್ಟಿಸುವುದು ಮಾತ್ರ ವಿಮರ್ಶಕರು ಅಷ್ಟಾಗಿ ಚರ್ಚಿಸದ ‘ನಾ ನಿನ್ನ ಬಿಡಲಾರೆ’ (1979). ದೈವಭಕ್ತಿಯಿಲ್ಲದ ಯುವಕನೊಬ್ಬನ ಮೈಮೇಲೆ ಕಾಮಿನಿ ಎಂಬ ಹೆಣ್ಣಿನ ಪ್ರೇತ ಬರುವುದು, ಹೆಂಡತಿಯ ಭಕ್ತಿ ಮತ್ತು ಮಂತ್ರಾಲಯದ ರಾಯರ ಕೃಪೆಯಿಂದ ಅವನು ಬಿಡುಗಡೆ ಹೊಂದುವುದು ಅದರ ಕಥೆ. ಮೈಮೇಲೆ ಬರುವುದು ಕರಾವಳಿಯ ಆರಾಧನೆಯಲ್ಲಿ ಒಂದು ಕ್ರಮವುಳ್ಳ ಪ್ರದರ್ಶನ. ಅದಕ್ಕೆ ಹೊತ್ತು, ವಾದ್ಯ, ಪಾತ್ರಿ, ಪ್ರಶ್ನೆ ಕೇಳುವ ಊರವರು, ಇಳಿಯುವ ವಿಧಿ ಎಲ್ಲವೂ ಇರುತ್ತವೆ. ಚಿತ್ರದಲ್ಲಿ ಅವು ಯಾವುವೂ ಇಲ್ಲ. ನಗರದ ಮನೆಯೊಳಗೆ ಒಬ್ಬ ಓದಿದ ಗಂಡಸಿನ ಮೈಯಲ್ಲಿ ಹೆಣ್ಣೊಬ್ಬಳು ಸುಳಿಯಬೇಕು. ಅನಂತನಾಗ್ ಅದನ್ನು ಕೂಗಾಟಕ್ಕಿಂತ ಹೆಚ್ಚಾಗಿ ಕಣ್ಣು, ಕುತ್ತಿಗೆ, ನಡಿಗೆಯ ಸಣ್ಣ ವ್ಯತ್ಯಾಸಗಳಲ್ಲಿ ತಂದರು. ಪಾತ್ರಿಯ ಆವೇಶವನ್ನು ಅವರು ಅನುಕರಿಸಲಿಲ್ಲ. ಜನ ಚಿತ್ರಮಂದಿರಗಳಿಗೆ ಮುಗಿಬಿದ್ದರು. ಭಕ್ತಿಕಥೆ, ಪ್ರೇತಕಥೆ ಎರಡೂ ಬೆರೆತ ಈ ಜನಪ್ರಿಯ ಕೃತಿಯನ್ನು ಐತಿಹ್ಯಗಳ ಅಧ್ಯಯನದವರು ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಿತ್ತು.

ಶಂಕರನಾಗ್ ಅವರ ದಾರಿ ಅಣ್ಣನದಕ್ಕಿಂತ ಕಿರಿದು, ವೇಗ ಬಹಳ ಹೆಚ್ಚು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ನಟನೆ, ಬರವಣಿಗೆ, ತಾಂತ್ರಿಕ ಕೆಲಸ ಎಲ್ಲಕ್ಕೂ ಕೈಹಾಕಿದ್ದ ಅವರನ್ನು ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೆ ಕರೆತಂದರು. ದಾಯಾದಿ ವೈರದ ಇಬ್ಬರು ಪಾಳೆಯಗಾರರ ಕೈಕೆಳಗೆ ದುಡಿಯುವ ಕೂಲಿಯೋಧರ ಕಥೆ ಅದು. ಗಂಡುಗಲಿಯಾಗಿ ಶಂಕರನಾಗ್, ಪೆರಮಾಡಿಯಾಗಿ ಸುಂದರಕೃಷ್ಣ ಅರಸ್. ಕಾರ್ನಾಡರು ಜಪಾನಿನ ಕುರೊಸಾವಾ ಅವರಿಗೆ ಸಲ್ಲಿಸಿದ ಗೌರವವೆಂದೇ ಈ ಚಿತ್ರ ಪ್ರಸಿದ್ಧ. ಆದರೆ ಅದರೊಳಗಿನ ಲೋಕ ಕನ್ನಡಿಗರಿಗೆ ಅಪರಿಚಿತವಲ್ಲ. ತುರುಗೋಳಿನಲ್ಲಿ, ಊರಳಿವಿನಲ್ಲಿ, ಒಡೆಯನಿಗಾಗಿ ಮಡಿದವರ ವೀರಗಲ್ಲುಗಳು ಮಲೆನಾಡು–ಕರಾವಳಿಗಳ ಹೊಲದ ಬದುಗಳಲ್ಲಿ ಇಂದಿಗೂ ನಿಂತಿವೆ. ಆ ಕಲ್ಲುಗಳಲ್ಲಿ ಕಾಣದ ಒಂದು ಅಂಶವನ್ನು ಚಿತ್ರ ಹಿಡಿಯಿತು: ಕೂಲಿಗೆ ಕತ್ತಿ ಹಿಡಿದವನ ದಣಿವು, ಒಡೆಯರ ಬಗೆಗಿನ ಅವನ ತಾತ್ಸಾರ. ಇಪ್ಪತ್ತರ ಹರೆಯದ ಶಂಕರನಾಗ್ ಈ ದಣಿವನ್ನು ನಂಬುವಂತೆ ತೋರಿದರು. 1979ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಚಿತ್ರಕ್ಕೆ ಸಂಗೀತ ನೀಡಿದವರು ಭಾಸ್ಕರ ಚಂದಾವರ್ಕರ್. ಇಲ್ಲಿಯೂ ಹೆಸರಿನಲ್ಲಿ ಚಂದಾವರ.

ಆಮೇಲಿನ ಹನ್ನೆರಡು ವರ್ಷಗಳಲ್ಲಿ ಅವರು ನಟಿಸಿದ ಚಿತ್ರಗಳು ಸುಮಾರು ಎಂಬತ್ತು. ‘ಸೀತಾರಾಮು’ (1979), ‘ಆಟೋ ರಾಜ’ (1980) ಅವರನ್ನು ಜನಪ್ರಿಯ ನಾಯಕನನ್ನಾಗಿಸಿದವು. ಬಹುಪಾಲು ಚಿತ್ರಗಳು ಸಾಧಾರಣವಾದವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನಿರ್ದೇಶಕರಾಗಿ ಅವರು ಮಾಡಿದ ಕೆಲಸ ಬೇರೆಯ ಮಟ್ಟದ್ದು. ಕಾರುಗಳ್ಳರ ಕಥೆಯಾದ ‘ಮಿಂಚಿನ ಓಟ’ (1980) ರಾಜ್ಯದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು. ಅಣ್ಣತಮ್ಮಂದಿರಿಬ್ಬರೂ ಅದರಲ್ಲಿ ನಟಿಸಿದ್ದರು. ‘ಗೀತಾ’ (1981), ಬೀದಿಬದಿ ಮಲಗಿದವರ ಮೇಲೆ ಹರಿದ ಕಾರಿನ ಕಥೆಯಾದ ‘ಆಕ್ಸಿಡೆಂಟ್’ (1985) ಅವರವೇ. ಎರಡನೆಯದಕ್ಕೆ ಸಾಮಾಜಿಕ ಸಮಸ್ಯೆಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತು. ಸಂಕೇತ್ ತಂಡ ಕಟ್ಟಿ ಅರುಂಧತಿ ನಾಗ್ ಅವರೊಡನೆ ಬೆಂಗಳೂರಿನಲ್ಲಿ ‘ಅಂಜುಮಲ್ಲಿಗೆ’, ‘ಬ್ಯಾರಿಸ್ಟರ್’, ‘ಸಂಧ್ಯಾಛಾಯಾ’ಗಳನ್ನು ಆಡಿದರು. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಕಾರ್ನಾಡರು ಬರೆದ ‘ನಾಗಮಂಡಲ’ವನ್ನು ಕನ್ನಡ ರಂಗಕ್ಕೆ ತಂದದ್ದೂ ಇದೇ ತಂಡ. ಹೆಸರಿನಲ್ಲಿ ನಾಗನನ್ನು ಉಳಿಸಿಕೊಂಡವರಿಗೆ ನಾಗನ ಕಥೆಯೇ ಒದಗಿದ್ದು ಕೇವಲ ಆಕಸ್ಮಿಕ. ಇದರಲ್ಲಿ ಹೆಚ್ಚಿನ ಸಂಕೇತವನ್ನು ಹುಡುಕುವುದು ಬೇಡ.

1986–87ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಅವರ ಹೆಸರನ್ನು ದೇಶದ ಮನೆಮನೆಗೆ ಮುಟ್ಟಿಸಿತು. ಆರ್. ಕೆ. ನಾರಾಯಣ್ ಅವರ ಕಾಲ್ಪನಿಕ ಊರನ್ನು ಶಂಕರನಾಗ್ ಕಂಡುಕೊಂಡದ್ದು ಘಟ್ಟದ ತುದಿಯ ಆಗುಂಬೆಯಲ್ಲಿ. ಮಳೆ, ಹೆಂಚಿನ ಮಾಡು, ಮರದ ಕಂಬಗಳ ಜಗಲಿ ಇವೆಲ್ಲ ಮೈಸೂರು ಬಯಲಿನವಲ್ಲ. ಘಟ್ಟದ ಮೇಲೂ ಕೆಳಗೂ ಒಂದೇ ಬಗೆಯಾಗಿ ಕಾಣುವ ಮಳೆನಾಡಿನ ಮನೆಗಳವು. ಕಡಲನ್ನು ಅವರು ತೆರೆಗೆ ತಂದದ್ದು ರಾಜಕುಮಾರ್ ನಟಿಸಿದ ‘ಒಂದು ಮುತ್ತಿನ ಕಥೆ’ (1987)ಯಲ್ಲಿ. ಸ್ಟೈನ್‌ಬೆಕ್ ಅವರ ಕಾದಂಬರಿಯೊಂದರ ರೂಪಾಂತರವಾದ ಆ ಚಿತ್ರದ ನೀರೊಳಗಿನ ದೃಶ್ಯಗಳು ಮಾಲ್ಡೀವ್ಸ್‌ನಲ್ಲಿ ಚಿತ್ರಿತವಾದವು. ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಚಿಪ್ಪಿ ಆಯುತ್ತಾರೆ. ಅವರು ಆಯುವುದು ಊಟಕ್ಕೆ ಮತ್ತು ಮಾರಾಟಕ್ಕೆ, ಮುತ್ತಿಗಾಗಿ ಅಲ್ಲ. ಹುಟ್ಟಿದ ಸೀಮೆಯ ಈ ದುಡಿಮೆಯ ಕಡಲು ಸಹೋದರರಿಬ್ಬರ ಚಿತ್ರಗಳಲ್ಲಿಯೂ ಬರಲಿಲ್ಲ. ಅದು ಬಂದದ್ದು ಸಾಹಿತ್ಯದಲ್ಲಿ. ಅದೇ ಮುಂಬಯಿಯಲ್ಲಿ ಬದುಕಿದ ಹನೇಹಳ್ಳಿಯ ಯಶವಂತ ಚಿತ್ತಾಲರು, ಕೆಲಕಾಲ ಅಲ್ಲಿದ್ದ ಗೋಕರ್ಣದ ಜಯಂತ ಕಾಯ್ಕಿಣಿಯವರು ಕುಮಟಾ ಸೀಮೆಯನ್ನು ಅಲ್ಲಿಂದಲೇ ಬರೆದರು. ಬರಹಗಾರನಿಗೆ ನೆನಪು ಸಾಕು. ಸಿನಿಮಾಕ್ಕೆ ಹಣ, ಮಾರುಕಟ್ಟೆ ಮತ್ತು ಎಲ್ಲರಿಗೂ ತಿಳಿಯುವ ಕನ್ನಡ ಬೇಕು. ಈ ಸಹೋದರರು ತೆರೆಯಲ್ಲಿ ಆಡಿದ ಕನ್ನಡ ಯಾವ ತಾಲೂಕಿನದೂ ಅಲ್ಲ. ಮನೆಮಾತು ಕೊಂಕಣಿ, ಓದು ಮುಂಬಯಿ, ವೃತ್ತಿ ಬೆಂಗಳೂರು ಆದವರಿಗೆ ಅದೇ ಸಹಜ ಕನ್ನಡ. ಪ್ರಾದೇಶಿಕ ಛಾಯೆಯಿಲ್ಲದ ಆ ಮಾತೇ ಅವರನ್ನು ಬೀದರದಿಂದ ಚಾಮರಾಜನಗರದವರೆಗೆ ಎಲ್ಲರವರನ್ನಾಗಿ ಮಾಡಿತು.

1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆ ಹೊರಟಿದ್ದಾಗ, ದಾವಣಗೆರೆ ಸಮೀಪದ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಶಂಕರನಾಗ್ ನಿಧನರಾದರು. ಮೂವತ್ತಾರು ತುಂಬಲು ಇನ್ನೂ ಒಂದು ತಿಂಗಳಿಗೂ ಹೆಚ್ಚು ಕಾಲವಿತ್ತು. ಅನಂತನಾಗ್ ಆಮೇಲೆ ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕ ಬರೆದರು. ಅಣ್ಣನೇ ತಮ್ಮನ ಚರಿತ್ರೆ ಬರೆಯಬೇಕಾಗಿ ಬಂದ ಈ ಕೃತಿ ಅವರಿಬ್ಬರ ಬಾಲ್ಯಕ್ಕೂ ಮುಂಬಯಿಯ ದಿನಗಳಿಗೂ ಮುಖ್ಯ ಆಕರವಾಗಿ ಉಳಿದಿದೆ.

ಸಾವಿನ ನಂತರದ ಶಂಕರನಾಗ್ ಅವರದು ಇನ್ನೊಂದು ಚರಿತ್ರೆ, ಮತ್ತು ಅದು ನೇರವಾಗಿ ಜಾನಪದದ ಕ್ಷೇತ್ರಕ್ಕೆ ಸೇರಿದ್ದು. ಕರ್ನಾಟಕದ ಊರೂರಿನ ಆಟೋ ನಿಲ್ದಾಣಗಳಿಗೆ ಅವರ ಹೆಸರಿದೆ. ಆಟೋಗಳ ಹಿಂಬದಿಯಲ್ಲಿ, ಗಾಜಿನ ಮೇಲೆ ಅವರ ಚಿತ್ರವಿದೆ. ನವೆಂಬರ್ 9ರಂದು ಹಾರ, ಅನ್ನದಾನ, ಬಾವುಟಗಳು. ಅವರು ಚಿತ್ರೀಕರಿಸಿದ ಅತ್ಯುತ್ತಮ ಕೃತಿಗಳಿಗೂ ಈ ಆರಾಧನೆಗೂ ಸಂಬಂಧ ಕಡಿಮೆ. ಅದರ ಬೇರು ‘ಆಟೋ ರಾಜ’ದಲ್ಲಿದೆ. ಜೊತೆಗೆ ಬಾಯಿಂದ ಬಾಯಿಗೆ ಹರಡಿದ ಕಥನಗಳ ಒಂದು ರಾಶಿಯೇ ಇದೆ. ಬೆಂಗಳೂರಿಗೆ ಮೆಟ್ರೋ ರೈ¬ಲಿನ ಕನಸು, ನಂದಿಬೆಟ್ಟಕ್ಕೆ ಹಗ್ಗದ ಹಾದಿ, ಬಡವರಿಗೆ ಅಗ್ಗದ ಮನೆ ಇವೆಲ್ಲ ಶಂಕರಣ್ಣ ಇದ್ದಿದ್ದರೆ ಎಂದೋ ಆಗುತ್ತಿದ್ದವು ಎಂಬುದು ಈ ಕಥನಗಳ ಸಾಮಾನ್ಯ ಆಶಯ. ಅಕಾಲದಲ್ಲಿ, ಕೆಲಸದ ನಡುವೆ, ದಾರಿಯ ಮೇಲೆ ಸತ್ತವನು ಆ ದಾರಿಯಲ್ಲಿ ದುಡಿಯುವವರ ಕಾವಲಿನವನಾಗುವ ಕ್ರಮ ಕರಾವಳಿಯ ಜಟಕ, ಮಾಸ್ತಿಗಳ ಆರಾಧನೆಯನ್ನು ಬಲ್ಲವರಿಗೆ ಹೊಸದಲ್ಲ. ಆದರೂ ಎರಡನ್ನೂ ಒಂದೇ ಎನ್ನಲಾಗದು. ಜಟಕನಿಗೆ ಭಯವಿದೆ, ಹರಕೆಯಿದೆ, ತಪ್ಪಿದರೆ ದಂಡವಿದೆ. ಶಂಕರಣ್ಣನಿಗೆ ಇರುವುದು ಸಲಿಗೆ ಮಾತ್ರ. ಚಾಲಕರು ಅವರಿಗೆ ಹರಕೆ ಹೊರುವುದಿಲ್ಲ, ತಮ್ಮವನೆಂದು ಹೇಳಿಕೊಳ್ಳುತ್ತಾರೆ. ನಾಗರಕಟ್ಟೆಯ ಕಟ್ಟೆ ಹೆಸರಿನಿಂದ ಕಳಚಿಹೋಗಿ, ಬೇರೆ ಊರುಗಳ ಬೀದಿಮೂಲೆಗಳಲ್ಲಿ ಆಟೋ ನಿಲ್ದಾಣದ ಸಿಮೆಂಟು ಕಟ್ಟೆಯಾಗಿ ಮರಳಿ ಬಂದಿದೆ.

ಮುಂಬಯಿಯ ದಾರಿ ಈ ಮೂರು ತಾಲೂಕುಗಳ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಇಂಗ್ಲಿಷ್ ಓದು, ಸಮುದಾಯದ ಶಿಷ್ಯವೇತನ, ಇಳಿದುಕೊಳ್ಳಲು ಬಂಧುವಿನ ಮನೆ ಇದ್ದವರಿಗೆ ಅದು ರಂಗಭೂಮಿಯವರೆಗೂ ಒಯ್ದಿತು. ಭಟ್ಕಳದ ನವಾಯತರ ವಲಸೆ ವ್ಯಾಪಾರದ ದಾರಿ ಹಿಡಿದು ಕೊನೆಗೆ ಕೊಲ್ಲಿ ದೇಶಗಳನ್ನು ಮುಟ್ಟಿತು. ಸುಗ್ಗಿಯ ಕುಣಿತವನ್ನು ಉಳಿಸಿಕೊಂಡ ಹಾಲಕ್ಕಿ ಒಕ್ಕಲಿಗರಿಗೂ ಬಯಲಾಟದ ಮೇಳಗಳಲ್ಲಿ ದುಡಿದ ಅನೇಕರಿಗೂ ಅಂಥ ದಾರಿಯೇ ಇರಲಿಲ್ಲ. ಅವರ ಕಲೆ ಊರಿನಲ್ಲಿಯೇ ಉಳಿಯಿತು, ಉಳಿದದ್ದರಿಂದಲೇ ಜಾನಪದವೆನ್ನಿಸಿಕೊಂಡಿತು. ನಾಗ್ ಸಹೋದರರ ಅಭಿನಯಕ್ಕೆ ಯಕ್ಷಗಾನದ ಮೂಲವನ್ನು ಆರೋಪಿಸುವುದರಿಂದ ಅವರಿಗೆ ಗೌರವ ಹೆಚ್ಚುವುದಿಲ್ಲ. ಯಕ್ಷಗಾನದವರಿಗೂ ನ್ಯಾಯ ಸಿಗುವುದಿಲ್ಲ.

ಅನಂತನಾಗ್ ಅವರ ಪಯಣ ಮುಂದುವರಿಯಿತು. ಮಲ್ಲೇಶ್ವರದಿಂದ ವಿಧಾನಸಭೆಗೆ ಆಯ್ಕೆಯಾಗಿ ಜೆ. ಎಚ್. ಪಟೇಲರ ಸರ್ಕಾರದಲ್ಲಿ ಸಚಿವರಾದದ್ದು ಅದರ ಒಂದು ಅಡ್ಡಹಾದಿ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ನೆನಪು ಕಳೆದುಕೊಂಡು ಮನೆಯ ದಾರಿ ತಪ್ಪಿದ ವೃದ್ಧನಾಗಿ ಅವರು ಹೊಸ ತಲೆಮಾರಿನ ಪ್ರೇಕ್ಷಕರನ್ನು ಪಡೆದರು. 2025ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅವರ ಜೊತೆ ಮುಂಬಯಿಯ ಕೊಂಕಣಿ, ಕನ್ನಡ ರಂಗಗಳಲ್ಲಿ ಪಾತ್ರ ಮಾಡಿದವರು, ಪರದೆ ಎಳೆದವರು, ಪ್ರಾಂಪ್ಟ್ ಹೇಳಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಆ ನಾಟಕಗಳ ಕೈಬರಹದ ಪ್ರತಿಗಳು, ಕರಪತ್ರಗಳು, ಸಮುದಾಯದ ಸ್ಮರಣ ಸಂಚಿಕೆಗಳು ಸಂಗ್ರಹವಾಗಬೇಕಾದದ್ದು ಮುಂಬಯಿಯ ಮನೆಗಳ ಅಟ್ಟಗಳಿಂದ. ಶಿರಾಲಿ, ಮಲ್ಲಾಪುರಗಳಲ್ಲಿ ಕೇಳಬೇಕಾದದ್ದು ಊರು ಬಿಟ್ಟು ಹೋಗದವರ ನೆನಪುಗಳನ್ನು. ಎರಡನ್ನೂ ಒಟ್ಟಿಗೆ ಮಾಡುವ ಕ್ಷೇತ್ರಕಾರ್ಯಕ್ಕೆ ಹೆಚ್ಚಿನ ಕಾಲಾವಕಾಶ ಉಳಿದಿಲ್ಲ.